ವಿಷದ ಬೆನ್ನು ಹತ್ತಿ ಬಂದ ಔಷಧಶಾಸ್ತ್ರ

ಇತಿಹಾಸ ಬಲ್ಲವರಿಗೆ ಶಿರವಾಳ ಹಳೆಯ ಗುಡಿಗಳ ಊರು. ಅದು ಸೇರಿದ ಶಹಾಪುರ, ಪಕ್ಕದ ಸುರಪುರ ಸೀಮೆಗೆ ನಾರಾಯಣಪುರದ ಕಾಲುವೆ ನೀರು ಹರಿದ ಮೇಲೆ ಭತ್ತ, ಹತ್ತಿ ಹೆಚ್ಚಿದವು. ಅವುಗಳ ಹಿಂದೆಯೇ 'ಎಣ್ಣೆ ಹೊಡೆಯುವ' ಕೆಲಸವೂ ಹೆಚ್ಚಿತು. ಇಲ್ಲಿ ಎಣ್ಣೆ ಎಂದರೆ ಕೀಟನಾಶಕ. ರಂಜಕಯುಕ್ತ ಕೀಟನಾಶಕ ಮೈಗೆ ಹತ್ತಿದವನನ್ನು ದವಾಖಾನೆಗೆ ತಂದಾಗ ವೈದ್ಯರಿಗೆ ಕಾಣುವುದು ಇದು: ಬಾಯಿ ತುಂಬ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಗೊರಗೊರ ಸದ್ದಿನ ಎದೆ. ಆಗ ಮೊದಲು ಏರಿಸುವ ಔಷಧ ಅಟ್ರೋಪಿನ್. ನಮ್ಮ ತಿಪ್ಪೆ, ಬೇಲಿಗಳ ಬದಿಯಲ್ಲಿ ಬೆಳೆಯುವ ದತ್ತೂರಿಯಲ್ಲಿರುವ ವಿಷಗಳಲ್ಲಿ ಅದೂ ಒಂದು. ಒಂದು ವಿಷ ಇನ್ನೊಂದು ವಿಷಕ್ಕೆ ಮದ್ದಾಗುವುದು ಹೇಗೆಂದು ತಿಳಿಯಲು ಹೊರಟವರಿಂದಲೇ ಔಷಧಶಾಸ್ತ್ರದ ಬಹುಪಾಲು ಬೆಳೆಯಿತು.

ವಿಷವೋ ಮದ್ದೋ ಎಂಬುದನ್ನು ಪ್ರಮಾಣವೇ ತೀರ್ಮಾನಿಸುತ್ತದೆ ಎಂದು ಯುರೋಪಿನಲ್ಲಿ ಹದಿನಾರನೇ ಶತಮಾನದಲ್ಲಿಯೇ ಪ್ಯಾರಾಸೆಲ್ಸಸ್ ಹೇಳಿದ್ದ. ಆದರೆ ಮದ್ದು ದೇಹದಲ್ಲಿ ಎಲ್ಲಿ ಹೋಗಿ ಏನು ಮಾಡುತ್ತದೆ ಎಂಬ ಪ್ರಶ್ನೆ ಪ್ರಯೋಗಶಾಲೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1847ರಲ್ಲಿ ಡೋರ್ಪಾಟ್‌ನಲ್ಲಿ ರುಡಾಲ್ಫ್ ಬುಖ್‌ಹೈಮ್ ಇದಕ್ಕೆಂದೇ ಪ್ರಯೋಗಶಾಲೆ ತೆರೆದ. 1850ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ದಕ್ಷಿಣ ಅಮೆರಿಕದ ಬಾಣವಿಷ ಕ್ಯುರಾರೆಯನ್ನು ಕಪ್ಪೆಗೆ ಕೊಟ್ಟು ನೋಡಿದ. ನರವನ್ನು ಕೆಣಕಿದರೆ ಸ್ನಾಯು ಅಲುಗಲಿಲ್ಲ. ಸ್ನಾಯುವನ್ನೇ ನೇರ ಕೆಣಕಿದರೆ ಅಲುಗಿತು. ಹಾಗಾದರೆ ವಿಷ ಕೂತಿರುವುದು ನರವೂ ಸ್ನಾಯುವೂ ಕೂಡುವ ಜಾಗದಲ್ಲಿ. ಮದ್ದಿಗೆ ದೇಹದಲ್ಲಿ ಒಂದು ನಿರ್ದಿಷ್ಟ ಠಿಕಾಣಿ ಇದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅದುವರೆಗೆ ಅಪರೂಪ.

ನಮ್ಮ ಸೀಮೆಯೂ ಈ ಚರಿತ್ರೆಯ ಹೊರಗೆ ಉಳಿಯಲಿಲ್ಲ. ಶಹಾಪುರ, ಸುರಪುರಗಳು ನಿಜಾಮರ ಆಡಳಿತದಲ್ಲಿದ್ದಾಗ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುತ್ತಿದ್ದದ್ದು ಉಸಿರು ನಿಂತೋ, ಎದೆಬಡಿತ ನಿಂತೋ ಎಂಬುದೇ ವಿವಾದ. ಉಸಿರೇ ಮೊದಲು ನಿಲ್ಲುವುದು, ಅದನ್ನು ಕಾಯ್ದರೆ ಸಾಕು ಎಂಬುದು ಸರ್ಜನ್ ಎಡ್ವರ್ಡ್ ಲಾರಿಯ ವಾದ. ನಿಜಾಮ ಮಹಬೂಬ್ ಅಲಿ ಖಾನ್ ಒಂದು ಸಾವಿರ ಪೌಂಡ್ ಕೊಟ್ಟದ್ದರಿಂದ 'ಲ್ಯಾನ್ಸೆಟ್' ಪತ್ರಿಕೆ ಲಂಡನ್ನಿನ ಲಾಡರ್ ಬ್ರಂಟನ್‌ನನ್ನು ಕಳುಹಿಸಿತು. ಪ್ರಾಣಿಗಳ ಮೇಲೆ ನೂರಾರು ಪ್ರಯೋಗ ಮಾಡಿ ಆಯೋಗ ಲಾರಿಯ ಪಕ್ಷವನ್ನೇ ಎತ್ತಿಹಿಡಿಯಿತು. ತೀರ್ಪು ನಿಲ್ಲಲಿಲ್ಲ. 1911ರ ಹೊತ್ತಿಗೆ ಗುಡ್‌ಮನ್ ಲೆವಿ ಅರೆ ಅರಿವಳಿಕೆಯಲ್ಲಿಯೇ ಹೃದಯದ ಲಯ ಕೆಟ್ಟು ಥಟ್ಟನೆ ನಿಲ್ಲಬಲ್ಲದೆಂದು ತೋರಿಸಿದ. ಹಾಗೆಂದು ಹೈದರಾಬಾದಿನ ಕೆಲಸ ವ್ಯರ್ಥವೆಂದು ನಾನು ಎಣಿಸುವುದಿಲ್ಲ. ಔಷಧದ ಅಪಾಯವನ್ನು ವೈದ್ಯರ ಅನುಭವದ ಮಾತಿಗೆ ಬಿಡದೆ, ಖರ್ಚು ಹಾಕಿ, ಅಳೆದು ನೋಡಬೇಕೆಂದು ಒಂದು ಸಂಸ್ಥಾನ ಆ ಕಾಲದಲ್ಲಿಯೇ ಮುಂದೆ ಬಂದಿತ್ತು.

1905ರಲ್ಲಿ ಕೇಂಬ್ರಿಜಿನ ಜಾನ್ ಲ್ಯಾಂಗ್ಲಿ, ನಿಕೋಟಿನ್ ಮತ್ತು ಕ್ಯುರಾರೆಗಳನ್ನು ಎದುರುಬದುರು ಇಟ್ಟು ನೋಡಿ, ಜೀವಕೋಶದಲ್ಲಿ ಮದ್ದನ್ನು ಗುರುತಿಸಿ ಹಿಡಿಯುವ ವಸ್ತುವೊಂದು ಇರಲೇಬೇಕೆಂದ. ಇಂದು ಅದನ್ನು ಗ್ರಾಹಕ ಎನ್ನುತ್ತೇವೆ. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ, ಅದನ್ನು ನೆನೆಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದ. ಎರಡನೆಯದರ ಬಡಿತವೂ ನಿಧಾನವಾಯಿತು. ನರ ತನ್ನ ಸಂದೇಶವನ್ನು ರಾಸಾಯನಿಕದ ಮೂಲಕ ಮುಟ್ಟಿಸುತ್ತದೆ ಎಂದು ಆಗ ಖಚಿತವಾಯಿತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕ್ಷಣವೇ ಅದನ್ನು ಒಡೆದುಹಾಕುವ ಕಿಣ್ವವೂ ದೇಹದಲ್ಲಿದೆ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟಗಳನ್ನು ಕೊಲ್ಲಲು ಹುಡುಕಿದ ರಂಜಕದ ಸಂಯುಕ್ತಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಅವುಗಳಲ್ಲಿ ಕೆಲವು ಯುದ್ಧದ ವಿಷಾನಿಲಗಳಾದವು. ಆ ಕುಲದ ಇತರ ಸಂಯುಕ್ತಗಳು ಹೊಲಕ್ಕೆ ಬಂದವು.

ಕಿಣ್ವ ನಿಂತರೆ ಅಸಿಟೈಲ್‌ಕೋಲಿನ್ ಕೂಡಿಬೀಳುತ್ತದೆ. ಜೊಲ್ಲು, ಬೆವರು, ಎದೆಯ ನೀರು ಎಲ್ಲ ಅದರಿಂದಲೇ. ಗ್ರಾಹಕಕ್ಕೆ ಅಂಟಿ ಅದನ್ನು ಕೆಲಸಕ್ಕೆ ಹಚ್ಚುವ ವಸ್ತು ಉತ್ತೇಜಕ. ಅಂಟಿಕೊಂಡು ತಾನೂ ಏನೂ ಮಾಡದೆ ಬೇರೆಯದಕ್ಕೂ ಜಾಗ ಕೊಡದಿರುವುದು ಪ್ರತಿರೋಧಕ. ಅಟ್ರೋಪಿನ್ ಎರಡನೆಯ ಜಾತಿಯದು: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ. ಕೂಡಲು ಬಂದವರು ಹೆಚ್ಚಾದಷ್ಟೂ ಟವೆಲ್ಲೂ ಹೆಚ್ಚು ಬೇಕು. ಹೀಗಾಗಿ ಬೇರೆ ಹೊತ್ತಿನಲ್ಲಿ ಅರ್ಧ ಮಿಲಿಗ್ರಾಂ ಆಸುಪಾಸಿನಲ್ಲಿ ಕೊಡುವ ಇದನ್ನು ಎಣ್ಣೆಯ ವಿಷಕ್ಕೆ ವೈದ್ಯರು ಮಿಲಿಗ್ರಾಂಗಟ್ಟಲೆ ಕೊಡುತ್ತಾರೆ. ಐದೈದು ನಿಮಿಷಕ್ಕೆ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿ, ಸದ್ದು ತಿಳಿಯಾಗುವವರೆಗೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗುತ್ತಾರೆ. 'ಪವರ್ ಇರುವ ಸೂಜಿ' ಎಂದು ನಮ್ಮ ಜನ ಕೇಳುವುದುಂಟು. ಸೂಜಿಗೆ ತನ್ನಷ್ಟಕ್ಕೆ ಪವರ್ ಇಲ್ಲ. ಎದುರಿಗೆ ಏನು, ಎಷ್ಟು ಇದೆ ಎಂಬುದರ ಮೇಲೆ ಅದರ ಬಲ. ದತ್ತೂರಿ ಅರೆದು ಕುಡಿಸುವುದು ಮದ್ದಾಗದಿರುವುದೂ ಇದಕ್ಕೇ: ಗಿಡದಲ್ಲಿ ಎಷ್ಟಿದೆ ಎಂದು ಅಳೆಯುವವರಿಲ್ಲ, ಪ್ರಾಣಕ್ಕೇ ಕುತ್ತು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಕೊಟ್ಟವರು ಕಲ್ಕತ್ತದ ಉಷ್ಣವಲಯ ವೈದ್ಯ ಶಾಲೆಯ ರಾಮನಾಥ ಚೋಪ್ರಾ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು 1931ರಲ್ಲಿ ಗಣನಾಥ ಸೇನ್, ಕಾರ್ತಿಕ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ವಕೀಲರ ಪ್ರಬಂಧದಿಂದ ಅದು ಜಗತ್ತಿಗೆ ತಿಳಿಯಿತು. ಅದೇ ಹೊತ್ತಿಗೆ, 1948ರಲ್ಲಿ, ಅಮೆರಿಕದ ಆಲ್ಕ್ವಿಸ್ಟ್ ಅಡ್ರಿನಲಿನ್ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ ಕಂಡ. ಬೀಟಾವನ್ನು ಮಾತ್ರ ತಡೆಯುವ ಪ್ರೊಪ್ರನೊಲಾಲ್ ಜೇಮ್ಸ್ ಬ್ಲ್ಯಾಕ್‌ನ ಕೈಯಲ್ಲಿ ಬಂತು. 2012ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದೂ ಇಂಥ ಗ್ರಾಹಕಗಳ ಅಧ್ಯಯನಕ್ಕೇ.

ಮದ್ದು ದೇಹಕ್ಕೆ ಏನು ಮಾಡುತ್ತದೆ ಎಂಬುದು ಅರ್ಧ ಕಥೆ. ದೇಹ ಮದ್ದಿಗೆ ಏನು ಮಾಡುತ್ತದೆ ಎಂಬುದು ಇನ್ನರ್ಧ. ಅದು ಕಳೆದ ಶತಮಾನದ ಮಧ್ಯದಲ್ಲಿ ಬೆಳೆಯಿತು. ನುಂಗಿದ ಗುಳಿಗೆ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿಯೇ ಒಂದಷ್ಟು ಒಡೆದುಹೋಗುತ್ತದೆ. ಉಳಿದದ್ದು ರಕ್ತಕ್ಕೆ, ಕೊಬ್ಬಿಗೆ, ಅಂಗಗಳಿಗೆ ಹಂಚಿಹೋಗಿ, ಹೆಚ್ಚಾಗಿ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ. ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು ಅದರ ಅರ್ಧಾಯು. 'ದಿನಕ್ಕೆ ಮೂರು ಹೊತ್ತು' ಎಂಬ ಚೀಟಿಯ ಹಿಂದೆ ಈ ಲೆಕ್ಕ ಇರುತ್ತದೆ.

ಎಣ್ಣೆಯ ವಿಷದಲ್ಲಿ ಈ ಲೆಕ್ಕ ತಪ್ಪಿದರೆ ಪ್ರಾಣವೇ ಹೋಗುತ್ತದೆ. ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಅಡಗಿ, ಆಮೇಲೆ ಮೆಲ್ಲಗೆ ರಕ್ತಕ್ಕೆ ಮರಳುತ್ತವೆ. ಅಟ್ರೋಪಿನ್ ಅಷ್ಟರಲ್ಲಿ ಕರಗಿರುತ್ತದೆ. ಅಲ್ಲದೆ ಸ್ನಾಯುಗಳ ಗ್ರಾಹಕವೇ ಬೇರೆ, ಅಟ್ರೋಪಿನ್ ಅದನ್ನು ಮುಟ್ಟುವುದಿಲ್ಲ. ಕಿಣ್ವವನ್ನು ಬಿಡಿಸಲು 1950ರ ದಶಕದಲ್ಲಿ ಬಂದ ಪ್ರಾಲಿಡಾಕ್ಸಿಮ್ ಎಷ್ಟು ಉಪಕಾರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ರೋಗಿ ಮಾತಾಡಿದ, ಚಹಾ ಕುಡಿದ ಎಂದು ಮರುದಿನವೇ ಬಿಡಿಸಿಕೊಂಡು ಹೋಗುವವರಿದ್ದಾರೆ. ಒಂದರಿಂದ ನಾಲ್ಕು ದಿನಗಳ ನಡುವೆ ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮೊದಲ ಸೂಚನೆ. ಆಗ ಬೇಕಾದದ್ದು ವೆಂಟಿಲೇಟರ್. ಕರೆತರುವಾಗ ಎಣ್ಣೆಯ ಡಬ್ಬಿಯನ್ನೂ ತರಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕವಾಗಿದ್ದರೆ ಅದಕ್ಕೆ ಅಟ್ರೋಪಿನ್ ನಾಟುವುದಿಲ್ಲ, ಅನಗತ್ಯವಾಗಿ ಕೊಟ್ಟ ಆಮ್ಲಜನಕ ಪುಪ್ಪುಸವನ್ನು ಇನ್ನಷ್ಟು ಸುಡುತ್ತದೆ.