ಗಡಿಯಾರವನ್ನೇ ನಿಧಾನಿಸಿದ ಆಟ

1996ರಲ್ಲಿ ಮೈಕ್ರೋಪ್ರೋಸ್ ಕಂಪನಿ ಹೊರತಂದ ‘ಗ್ರ್ಯಾಂಡ್ ಪ್ರಿ 2’ ಆಟದಲ್ಲಿ ಕೀಬೋರ್ಡಿನ ‘ಓ’ ಕೀಲಿ ಒತ್ತಿದರೆ ಪರದೆಯ ಮೇಲೆ ಶೇಕಡಾವಾರು ಅಂಕಿಯೊಂದು ಮೂಡುತ್ತಿತ್ತು. ಒಂದು ಫ್ರೇಮಿಗೆಂದು ಇಟ್ಟ ಸಮಯದಲ್ಲಿ ಪ್ರೊಸೆಸರ್ ಎಷ್ಟು ಪಾಲು ದುಡಿಯುತ್ತಿದೆ ಎಂಬ ಲೆಕ್ಕ ಅದು. ಮನೆಯ ಕಂಪ್ಯೂಟರಿನ ತಾಕತ್ತನ್ನು ಆಟವೇ ಅಳೆದು ತೋರಿಸುವ ವ್ಯವಸ್ಥೆ.

ಆಟ ಬರೆದವರು ಇಂಗ್ಲೆಂಡಿನ ಜೆಫ್ ಕ್ರ್ಯಾಮಂಡ್. ಕಡಿಮೆ ಶಕ್ತಿಯ ಯಂತ್ರದಿಂದ ಹೆಚ್ಚು ಕೆಲಸ ತೆಗೆಯುವುದು ಅವರಿಗೆ ಹೊಸದಲ್ಲ. 1984ರ ‘ರೆವ್ಸ್’ ಓಡಿದ್ದು ಬಿಬಿಸಿ ಮೈಕ್ರೋ ಮೇಲೆ: 2 ಮೆಗಾಹರ್ಟ್ಸ್ ಪ್ರೊಸೆಸರ್, 32 ಕಿಲೋಬೈಟ್ ಮೆಮೊರಿ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು.

‘ಗ್ರ್ಯಾಂಡ್ ಪ್ರಿ 2’ರಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕೆಂದು ಆಡುವವರೇ ಆರಿಸಬೇಕಿತ್ತು, ಮೇಲಿನ ಮಿತಿ 25ರ ಆಸುಪಾಸು. ಗಂಟೆಗೆ 300 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 83 ಮೀಟರ್ ಸಾಗುತ್ತದೆ. 25 ಫ್ರೇಮ್ ಇದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಮೂರು ಮೀಟರಿಗಿಂತ ಚೂರು ಹೆಚ್ಚು ಜಿಗಿತ. 12 ಫ್ರೇಮಿಗೆ ಇಳಿದರೆ ಏಳು ಮೀಟರ್. ಬ್ರೇಕ್ ಹಾಕಬೇಕಾದ ಜಾಗ ಆ ಏಳು ಮೀಟರಿನೊಳಗೆ ಎಲ್ಲೋ ಕಳೆದುಹೋಗುತ್ತಿತ್ತು. ಹಾಗಾಗಿ ಫ್ರೇಮ್ ಹೆಚ್ಚಿರಲಿ ಎಂಬ ಆಸೆ ಎಲ್ಲರಿಗೂ.

ಆಸೆ ಅತಿಯಾದರೆ? ಅಂಕಿ 100 ದಾಟಿದಾಗ ಆಟ ಚಿತ್ರಗಳನ್ನು ಬಿಟ್ಟು ಮುಂದೆ ಓಡುತ್ತಿರಲಿಲ್ಲ, ಕಾಲವನ್ನೇ ನಿಧಾನಿಸುತ್ತಿತ್ತು. ಕಾರು, ಎದುರಾಳಿಗಳು, ಲ್ಯಾಪ್ ಗಡಿಯಾರ ಎಲ್ಲವೂ ಒಟ್ಟಿಗೆ ನಿಧಾನ. ಶೇಕಡಾ 150ರಲ್ಲಿ ಆಟದ ಒಂದು ಸೆಕೆಂಡ್ ಗೋಡೆ ಗಡಿಯಾರದ ಒಂದೂವರೆ ಸೆಕೆಂಡ್. ತಿರುವಿನಲ್ಲಿ ಯೋಚಿಸಲು ಅರ್ಧದಷ್ಟು ಹೆಚ್ಚು ಸಮಯ ಸಿಕ್ಕಿತು, ಆದರೆ ದಾಖಲಾದ ಲ್ಯಾಪ್ ಸಮಯದಲ್ಲಿ ಅದರ ಸುಳಿವೇ ಇಲ್ಲ. ದುರ್ಬಲ ಕಂಪ್ಯೂಟರ್ ಇದ್ದವನೇ ಹೀಗೆ ವೇಗದ ಚಾಲಕನಾಗಬಹುದಿತ್ತು! ಇಬ್ಬರು ತಮ್ಮ ತಮ್ಮ ಮನೆಯಲ್ಲಿ ಓಡಿಸಿದ ಲ್ಯಾಪ್‌ಗಳನ್ನು ಹೋಲಿಸುವಾಗ ಈ ಶೇಕಡಾ ಅಂಕಿ ಸಮಯದಷ್ಟೇ ಮುಖ್ಯವಾದದ್ದು ಇದೇ ಕಾರಣಕ್ಕೆ.

ಪರೀಕ್ಷೆಗೆ ಖಾಲಿ ಟ್ರ್ಯಾಕ್ ಸಾಲದು. ಒಬ್ಬರೇ ಓಡಿಸುವಾಗ ಶೇಕಡಾ 70 ತೋರಿಸಿದ ಯಂತ್ರ ರೇಸ್ ಶುರುವಾಗುವ ಹೊತ್ತಿಗೆ 100 ಮೀರಬಹುದು. ಸಾಲಿನ ಕಟ್ಟಕಡೆಗೆ ನಿಂತು, 26 ಕಾರುಗಳ ಪೈಕಿ ಉಳಿದ 25 ಕಣ್ಣೆದುರು ಇರುವಾಗ ನೋಡಿದ ಅಂಕಿಯೇ ನಿಜವಾದ ಅಂಕಿ. ಅದು ಮಿತಿ ಮೀರಿದರೆ ಕನ್ನಡಿಯೊಳಗಿನ ವಿವರ, ರಸ್ತೆ ಬದಿಯ ವಿವರ ಒಂದೊಂದಾಗಿ ಕಳಚಬೇಕು. ಅದೂ ಸಾಲದಿದ್ದರೆ ಫ್ರೇಮ್ ಇಳಿಸಬೇಕು. ಹೆಮ್ಮೆಗೆ ಪೆಟ್ಟು, ಆದರೆ ಗಡಿಯಾರ ಸರಿಯಾಗಿ ನಡೆಯುತ್ತದೆ.

1998ರಲ್ಲಿ ಅಮೆರಿಕದ ಪಪೈರಸ್ ಸಂಸ್ಥೆ 1967ರ ಋತುವನ್ನು ಆಧರಿಸಿ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ತಂದಿತು. ಅಲ್ಲಿ ಮಿತಿ ಸೆಕೆಂಡಿಗೆ 36 ಫ್ರೇಮ್. ಚಿತ್ರ ಬಿಡಿಸುವ ಹೊರೆ ಹೊರಲು 3ಡಿಎಫ್ಎಕ್ಸ್‌ನಂಥ ಗ್ರಾಫಿಕ್ಸ್ ಕಾರ್ಡುಗಳು ಆಗಲೇ ಬಂದಿದ್ದವು. ಆದರೂ ಅಂದಿನ ಬಹುಪಾಲು ಮನೆಯ ಕಂಪ್ಯೂಟರುಗಳು ಕಾರುಗಳು ಗುಂಪುಗೂಡಿದಾಗ 36 ಮುಟ್ಟಲು ಏದುಸಿರು ಬಿಡುತ್ತಿದ್ದವು.