ಮಿದುಳಿನೊಳಕ್ಕೆ ಔಷಧಿ: ಅಲ್ಜೈಮರ್ಸ್ ಚಿಕಿತ್ಸೆಯ ಹೊಸ ದಾರಿಗಳು

ಅಲ್ಜೈಮರ್ಸ್‌ಗೆ ಮದ್ದು ಹುಡುಕುವವರಿಗೆ ಎರಡು ತಲೆನೋವು. ಕೆಲಸ ಮಾಡುವ ಔಷಧಿ ಸಿಗಬೇಕು, ಸಿಕ್ಕಿದ್ದು ಮಿದುಳಿನೊಳಗೆ ಹೋಗಬೇಕು. ಸುದ್ದಿಯಾಗುವುದು ಹೆಚ್ಚಾಗಿ ಮೊದಲನೆಯದೇ. ಎರಡನೆಯದನ್ನು ಬಿಡಿಸಲು ನಡೆದಿರುವ ಪ್ರಯೋಗಗಳು ಅದಕ್ಕಿಂತ ಸ್ವಾರಸ್ಯಕರವಾಗಿವೆ.

ರಕ್ತ-ಮಿದುಳು ತಡೆಗೋಡೆ

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿದರು. ಉಳಿದ ಅಂಗಗಳಿಗೆಲ್ಲ ಬಣ್ಣ ಹಿಡಿಯಿತು, ಮಿದುಳಿಗೆ ಹಿಡಿಯಲಿಲ್ಲ. ಮಿದುಳಿನ ಗುಣವೇ ಹಾಗೆ ಎಂದು ಅವರು ತಿಳಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮಿದುಳು-ಬೆನ್ನುಹುರಿಯ ದ್ರವಕ್ಕೇ ಹಾಕಿದಾಗ ಮಿದುಳು ನೀಲಿಯಾಯಿತು, ಬಣ್ಣ ಆಚೆ ಹೋಗಲಿಲ್ಲ. ಅಂದರೆ ನಡುವೆ ತಡೆಯೊಂದಿತ್ತು.

ಮಿದುಳಿನ ಲೋಮನಾಳಗಳ ಒಳಪದರದ ಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ದಾಟುತ್ತವೆ. ಡೊನೆಪೆಜಿಲ್ ಮಾತ್ರೆ ಕೆಲಸ ಮಾಡುವುದು ಅದರಿಂದಲೇ. ಹಾಗೆ ನುಸುಳಿದ ಎಷ್ಟೋ ಅಣುಗಳನ್ನು ಕೋಶಪೊರೆಯ ಪ್ರೋಟೀನ್ ಪಂಪುಗಳು ಮತ್ತೆ ರಕ್ತಕ್ಕೇ ತಳ್ಳುತ್ತವೆ. ದೊಡ್ಡ ಪ್ರೋಟೀನುಗಳಾದ ಪ್ರತಿಕಾಯಗಳಂತೂ ಸುಮಾರು ಶೇ 0.1ರಷ್ಟು ಮಾತ್ರ ಒಳಸೇರುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಂಜೂರಾತಿ ಪಡೆದ ಅಲ್ಜೈಮರ್ಸ್ ಔಷಧಿ ಲೆಕನೆಮ್ಯಾಬ್ ಇದೇ ಬಗೆಯದು. ಡೋಸು ಏರಿಸಿಬಿಡೋಣವೆಂದರೆ, ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವಗಳ ಭಯ.

ಅಲ್ಟ್ರಾಸೌಂಡ್‌ನಿಂದ ಗೋಡೆ ಸಡಿಲಿಸುವುದು

ರೋಗಿಯ ತಲೆ ಬೋಳಿಸಿ, ಅಲುಗದಂತೆ ಚೌಕಟ್ಟು ಬಿಗಿದು, ಎಂಆರ್‌ಐ ಯಂತ್ರದೊಳಗೆ ಶಿರಸ್ತ್ರಾಣದಂಥ ಸಾಧನದಲ್ಲಿ ತಲೆಯಿರಿಸುತ್ತಾರೆ. ಅದರಲ್ಲಿ 1,024 ಅಲ್ಟ್ರಾಸೌಂಡ್ ಬಿಂದುಗಳಿವೆ. ಎಲ್ಲದರ ಅಲೆಗಳೂ ತಲೆಬುರುಡೆ ದಾಟಿ ಒಂದೇ ಜಾಗದಲ್ಲಿ ಕೂಡುತ್ತವೆ. ಅತ್ತ ರಕ್ತನಾಳಕ್ಕೆ ಸೂಕ್ಷ್ಮ ಗುಳ್ಳೆಗಳ ಇಂಜೆಕ್ಷನ್. ಅಲೆ ತಾಗಿದ ಕಡೆ ಗುಳ್ಳೆಗಳು ಹಿಗ್ಗಿ ಕುಗ್ಗಿ, ನಾಳದ ಗೋಡೆಯ ಬಿಗುವನ್ನು ಸಡಿಲಿಸುತ್ತವೆ. ಸ್ಕ್ಯಾನಿಗಾಗಿ ರಕ್ತಕ್ಕೆ ಬಿಡುವ ಗಡೋಲಿನಿಯಂ ಆ ಜಾಗದಲ್ಲಿ ಒಳಸೋರಿ ಸ್ಕ್ಯಾನಿನಲ್ಲಿ ಬೆಳ್ಳಗೆ ಕಂಡರೆ, ದಾರಿ ತೆರೆಯಿತೆಂದು ಅರ್ಥ. ಒಂದು ದಿನದೊಳಗೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ಐದೇ ರೋಗಿಗಳು. ಔಷಧಿ ಕೊಡಲಿಲ್ಲ, ತೆರೆದರೆ ಅಪಾಯವಿದೆಯೇ ಎಂದಷ್ಟೇ ನೋಡಿದರು. 2024ರ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಅಲಿ ರೆಜಾಯ್ ತಂಡ ಮೂವರಿಗೆ ಅಡುಕನುಮ್ಯಾಬ್ ಎಂಬ ಪ್ರತಿಕಾಯದ ಜೊತೆ ಇದನ್ನು ಆರು ತಿಂಗಳು ಮಾಡಿದ ವಿವರ ಪ್ರಕಟಿಸಿತು. ತೆರೆದ ಭಾಗಗಳಲ್ಲಿ, ಈ ರೋಗದಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನ್, ತೆರೆಯದ ಭಾಗಗಳಿಗಿಂತ ಸರಾಸರಿ ಶೇ 32ರಷ್ಟು ಹೆಚ್ಚು ಇಳಿದಿತ್ತು. ಮೂವರ ಸ್ಕ್ಯಾನ್ ನೋಡಿ ನೆನಪಿನ ಶಕ್ತಿಯ ಬಗ್ಗೆ ಏನೂ ಹೇಳಲಾಗದು. ಅದೇ ಹೊತ್ತಿಗೆ, ತಯಾರಕರು ಅಡುಕನುಮ್ಯಾಬ್ ಅನ್ನೇ ಕೈಬಿಡುವುದಾಗಿ ಘೋಷಿಸಿದರು!

ಕಬ್ಬಿಣದ ಬಂಡಿಗೆ ಜೋತುಬೀಳುವುದು

ಮಿದುಳಿಗೂ ಕಬ್ಬಿಣಾಂಶ ಬೇಕು. ಅದನ್ನು ಹೊತ್ತು ಬರುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ನಾಳದ ಗೋಡೆಯಲ್ಲಿವೆ. ರೋಶ್ ಕಂಪನಿ ತನ್ನ ಗ್ಯಾಂಟೆನೆರುಮ್ಯಾಬ್ ಪ್ರತಿಕಾಯಕ್ಕೆ ಈ ಗ್ರಾಹಕವನ್ನು ಹಿಡಿಯುವ ತುಣುಕೊಂದನ್ನು ಅಂಟಿಸಿ ಟ್ರಾಂಟಿನೆಮ್ಯಾಬ್ ತಯಾರಿಸಿತು. ಮೂಲ ಗ್ಯಾಂಟೆನೆರುಮ್ಯಾಬ್ 2022ರಲ್ಲಿ ಮೂರನೇ ಹಂತದ ಪರೀಕ್ಷೆಯಲ್ಲಿ ಸೋತಿತ್ತು. ಹೊಸ ರೂಪವನ್ನು ಹೆಚ್ಚಿನ ಡೋಸಿನಲ್ಲಿ ಪಡೆದವರಲ್ಲಿ ಶೇ 91 ಮಂದಿಯ ಅಮಿಲಾಯ್ಡ್ 28 ವಾರಗಳಲ್ಲಿ ರೋಗನಿರ್ಣಯದ ಮಿತಿಗಿಂತ ಕೆಳಗಿಳಿಯಿತು. ಮಿದುಳಿನ ಊತ ಕಂಡದ್ದು ಶೇ 5ಕ್ಕಿಂತ ಕಡಿಮೆ ಜನರಲ್ಲಿ. ಎಳೆಯ ಕೆಂಪು ರಕ್ತಕಣಗಳಲ್ಲೂ ಇದೇ ಗ್ರಾಹಕವಿರುವುದರಿಂದ ರಕ್ತಹೀನತೆಯ ಮೇಲೆ ಕಣ್ಣಿಟ್ಟಿರಬೇಕು. ನನ್ನ ಮಟ್ಟಿಗೆ, ಸದ್ಯ ಹೆಚ್ಚು ಭರವಸೆ ಹುಟ್ಟಿಸುವ ದಾರಿ ಇದೇ. ಆದರೆ ಅಮಿಲಾಯ್ಡ್ ಇಳಿಯುವುದು ಬೇರೆ, ಮರೆವು ತಗ್ಗುವುದು ಬೇರೆ.

ಮೂಗು, ಬೆನ್ನು

ಮೂಗಿನ ಮೇಲ್ಭಾಗದ ವಾಸನೆಯ ನರಗಳ ಜಾಡು ಹಿಡಿದು ಇನ್ಸುಲಿನ್ ಸ್ಪ್ರೇ ಮಿದುಳಿಗೆ ಹೋಗಬಹುದೆಂಬ ಆಸೆಯಿತ್ತು. ಅಮೆರಿಕದಲ್ಲಿ 289 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಮೊದಲು ಬಳಸಿದ ಸ್ಪ್ರೇ ಸಾಧನವೇ ಕೈಕೊಟ್ಟು, ಮಧ್ಯದಲ್ಲಿ ಬೇರೆಯದು ತರಬೇಕಾಯಿತು.

ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ದ್ರವಕ್ಕೇ ಔಷಧಿ ಬಿಡುವುದು ಗೋಡೆಯ ಗೊಡವೆಯಿಲ್ಲದ ಮಾರ್ಗ. ಈ ರೋಗದಲ್ಲಿ ನರಕೋಶಗಳೊಳಗೆ ಗಂಟುಕಟ್ಟುವ ಟೌ ಪ್ರೋಟೀನಿನ ಉತ್ಪಾದನೆ ತಗ್ಗಿಸುವ ಬಿಐಐಬಿ080 ಹೀಗೇ ಕೊಡುವಂಥದ್ದು. 46 ರೋಗಿಗಳ ಆರಂಭಿಕ ಪರೀಕ್ಷೆಯ ಹೆಚ್ಚಿನ ಡೋಸುಗಳಲ್ಲಿ, ದ್ರವದಲ್ಲಿನ ಟೌ ಅರ್ಧಕ್ಕಿಂತಲೂ ಹೆಚ್ಚು ಇಳಿಯಿತು.

ತಲೆಬುರುಡೆಗೆ ರಂಧ್ರ

ನರ ಬೆಳವಣಿಗೆಗೆ ನೆರವಾಗುವ ಎನ್‌ಜಿಎಫ್ ಪ್ರೋಟೀನಿನ ಜೀನನ್ನು ತಲೆಬುರುಡೆ ಕೊರೆದು ವೈರಸ್ ಮೂಲಕ ಮಿದುಳಿನಾಳಕ್ಕೆ ಇಳಿಸಿದ 49 ಜನರ ಪರೀಕ್ಷೆಯೊಂದು 2018ರಲ್ಲಿ ವಿಫಲವೆಂದು ವರದಿಯಾಯಿತು. ಅರ್ಧದಷ್ಟು ಜನರಿಗೆ ಹೋಲಿಕೆಗಾಗಿ ಹುಸಿ ಶಸ್ತ್ರಚಿಕಿತ್ಸೆ ಮಾತ್ರ ಮಾಡಿದ್ದರು. ಜೀನ್ ಪಡೆದು ಮುಂದೆ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದಾಗ, ಅದು ಗುರಿಯಿಟ್ಟ ನರಕೋಶಗಳವರೆಗೆ ಹರಡಿರಲೇ ಇಲ್ಲವೆಂದು ತಿಳಿಯಿತು. ಎನ್‌ಜಿಎಫ್ ಫಲ ಕೊಡುತ್ತದೆಯೇ ಎಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು. ಈ ಕೆಲಸದ ಮುಂದಾಳು ಸ್ಯಾನ್ ಡಿಯೇಗೊದ ಮಾರ್ಕ್ ಟುಸ್ಜಿನ್ಸ್ಕಿ, 2021ರಲ್ಲಿ ಘೋಷಿಸಿದ, ಬಿಡಿಎನ್‌ಎಫ್ ಎಂಬ ಇಂಥದೇ ಇನ್ನೊಂದು ಪ್ರೋಟೀನಿನ ಜೀನಿನ ಪ್ರಯೋಗದಲ್ಲಿ ದ್ರವ ಎಲ್ಲೆಲ್ಲಿ ಹರಡುತ್ತಿದೆ ಎಂಬುದನ್ನು ಎಂಆರ್‌ಐನಲ್ಲಿ ನೋಡುತ್ತಲೇ ಚುಚ್ಚುವ ವಿಧಾನ ಆರಿಸಿಕೊಂಡರು.