ವ್ರತ ಮತ್ತು ಪಥ್ಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳ ಒಂದು ಚರಿತ್ರೆ

ಕನ್ನಡ ಎಂ.ಎ. ವಿದ್ಯಾರ್ಥಿನಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಇದು ಶುರುವಾದದ್ದು ಒಂದು ಫೋನ್ ಕರೆಯಿಂದ. ಆ ಕರೆಯಲ್ಲಿದ್ದ ತೊಡಕು ವೈದ್ಯಕ್ಕೆ ಸೇರಿದ್ದು, ಜೊತೆಗೆ ನಮ್ಮ ಪದಗಳಿಗೂ ಸೇರಿದ್ದು.

ನಮ್ಮ ಸೋದರತ್ತೆಯ ಮನೆ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅತ್ತೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಮಂಜವಾಡಿ ಘಾಟಿ ದಾಟಿ ಸೇಲಂಗೆ ಹೋಗಿ ತೋರಿಸಿಕೊಂಡು, ಕೊನೆಗೆ ಜಠರದ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ದಿನ ಗೊತ್ತಾದ ಮೇಲೆ ಎರಡು ವಾರಕ್ಕೆ ಒಂದು ಪಟ್ಟಿ ಕೊಟ್ಟರು: ಅನ್ನ, ಮುದ್ದೆ, ಇಡ್ಲಿ ಯಾವುದೂ ಇಲ್ಲ, ಹೊತ್ತುಹೊತ್ತಿಗೆ ಪ್ರೋಟೀನ್ ಪುಡಿ ಕಲಸಿದ ನೀರು, ತರಕಾರಿ ಸೂಪು, ಮಜ್ಜಿಗೆ. ಸಕ್ಕರೆ ಮಾತ್ರೆಯನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿದ್ದರು. ಅದು ಪುರಟ್ಟಾಸಿ ತಿಂಗಳು. ಶನಿವಾರ ಪೆರುಮಾಳಿನ ಹೆಸರಲ್ಲಿ ಒಪ್ಪತ್ತು ಇರುವುದು ಆ ಕಡೆಯ ರೂಢಿ. ಹೇಗೂ ಊಟ ಬಿಟ್ಟಾಗಿದೆಯಲ್ಲ ಅಂತ ಅತ್ತೆ ಆ ಶನಿವಾರ ಪ್ರೋಟೀನ್ ನೀರನ್ನೂ ಬಿಟ್ಟು, ತುಳಸಿ ತೀರ್ಥ ಮಾತ್ರ ಕುಡಿದು, ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದರು. ಮಧ್ಯಾಹ್ನ ಮೈ ಬೆವರಿ, ಕೈ ನಡುಗಿ, ದೇವರ ಮನೆಯಲ್ಲೇ ಕುಸಿದರು. ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ರಾತ್ರಿ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟು: "ಇನ್ನಷ್ಟು ಕಟ್ಟುನಿಟ್ಟಾಗಿದ್ರೆ ಇನ್ನಷ್ಟು ಒಳ್ಳೇದಲ್ವೇನೇ? ಡಾಕ್ಟರಿಗೆ ಹೇಳೋದು ಬೇಡ, ಬೈತಾರೆ."

ಈ ಎರಡು ಮಾತುಗಳ ಹಿಂದೆ ಒಂದು ಚರಿತ್ರೆ ಇದೆ ಅನ್ನೋದು ನನ್ನ ವಾದ. ಊಟ ಕಡಿಮೆ ಮಾಡುವುದಕ್ಕೆ ನಮ್ಮಲ್ಲಿ ಎರಡು ಹಳೆಯ ಪದಗಳಿವೆ, ವ್ರತ ಮತ್ತು ಪಥ್ಯ. ವ್ರತ ಕಠಿಣವಾದಷ್ಟೂ ಫಲ ಹೆಚ್ಚು, ಮುರಿದರೆ ದೋಷ. ಪಥ್ಯಕ್ಕೆ ಅಳತೆ ಇದೆ. ಹೆಚ್ಚಾದರೂ ಕಡಿಮೆಯಾದರೂ ಕೆಡುತ್ತದೆ, ಕೆಟ್ಟರೆ ವೈದ್ಯರಿಗೆ ಹೇಳಬೇಕು. ಅತ್ತೆ ಪಥ್ಯವನ್ನು ವ್ರತವಾಗಿ ಓದಿಕೊಂಡರು.

ಹಾಗೆ ಓದಿಕೊಂಡದ್ದು ಅವರೊಬ್ಬರ ತಪ್ಪೇನಲ್ಲ. ದೇಹವನ್ನು ಸಂಕಲ್ಪದಿಂದ ತೆಳುಗೊಳಿಸುವುದಕ್ಕೆ ಕನ್ನಡ ನೆಲದಲ್ಲಿ ದೊಡ್ಡ ಗೌರವ ಇತ್ತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 7ನೆಯ ಶತಮಾನದಿಂದಲೂ ಸಲ್ಲೇಖನದ ಶಾಸನಗಳಿವೆ. ಆ ಪದಕ್ಕೆ ದೇಹವನ್ನೂ ಕಷಾಯಗಳನ್ನೂ ತೆಳುವಾಗಿಸುವುದು ಎಂದೇ ಅರ್ಥ. ಅತ್ತೆಯ ಸೀಮೆಯೂ ಇದಕ್ಕೆ ಹೊರತಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ 9ನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳು ಸಿಕ್ಕಿವೆ, ಜೈನ ಬಸದಿಯ ದತ್ತಿಯೂ ಅವುಗಳಲ್ಲಿದೆ. ಉಪವಾಸ ಅಂದ ಕೂಡಲೆ ಪುಣ್ಯದ ಲೆಕ್ಕ ಮನಸ್ಸಿಗೆ ಬರುವುದು ಇಷ್ಟು ಹಳೆಯ ಅಭ್ಯಾಸ.

ವೈದ್ಯಗ್ರಂಥಗಳು ಏನು ಹೇಳ್ತವೆ? ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದ ಹೆಸರು ಅಷ್ಟೌನಿಂದಿತೀಯ, ಅಂದರೆ ನಿಂದೆಗೆ ಒಳಗಾದ ಎಂಟು ಬಗೆಯ ದೇಹಗಳ ಅಧ್ಯಾಯ. ತೀರ ಎತ್ತರ, ತೀರ ಕುಳ್ಳು ಇವರ ಜೊತೆಗೆ ಅತಿ ಸ್ಥೂಲರೂ ಅತಿ ಕೃಶರೂ ಅಲ್ಲಿದ್ದಾರೆ. ಹೆಸರಲ್ಲೇ ನಿಂದೆ ಇದೆ, ನಿಜ. ಆದರೆ ಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಯಾದ ಊಟ, ಹಗಲು ನಿದ್ದೆ, ವ್ಯಾಯಾಮವಿಲ್ಲದಿರುವುದು ಇವುಗಳ ಸಾಲಿನಲ್ಲಿ ಬೀಜಸ್ವಭಾವವನ್ನೂ ಹೇಳಿದೆ. ಅಂದರೆ ಹುಟ್ಟಿನಿಂದ ಬಂದದ್ದು. ಚಿಕಿತ್ಸೆಯಾಗಿಯೂ ಬರಿ ಉಪವಾಸವನ್ನು ಹೇಳಿಲ್ಲ. ಹೊಟ್ಟೆಗೆ ಗುರುವಾಗಿದ್ದು ಮೈಗೆ ಪುಷ್ಟಿ ಕೊಡದ ಆಹಾರವನ್ನು ಹೇಳಿದೆ. ಹಸಿವು ತಡೆಯಬೇಕು, ಕೊಬ್ಬು ಬೆಳೆಯಬಾರದು ಅನ್ನುವ ಯೋಚನೆ ಅದು.

ಸುಶ್ರುತಸಂಹಿತೆ ಇನ್ನೂ ಹತ್ತಿರ ಬರುತ್ತದೆ. ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಶಸ್ತ್ರಕ್ರಿಯೆಗೆ ಮೂರು ಭಾಗ: ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ. ವ್ಯಾಖ್ಯಾನಕಾರ ಡಲ್ಹಣ ಪೂರ್ವಕರ್ಮವನ್ನು ಲಂಘನದಿಂದಲೇ ಶುರುಮಾಡುತ್ತಾನೆ. ಆದರೆ ಎಲ್ಲರಿಗೂ ಒಂದೇ ನಿಯಮ ಇಲ್ಲ. ಉದರ, ಅಶ್ಮರಿ, ಮೂಲವ್ಯಾಧಿ ಮುಂತಾದವುಗಳ ಶಸ್ತ್ರಕ್ರಿಯೆ ಖಾಲಿ ಹೊಟ್ಟೆಯಲ್ಲಿ ಆಗಬೇಕು. ಬೇರೆ ಸಂದರ್ಭಗಳಲ್ಲಿ ರೋಗಿ ನೋವು ತಾಳಿಕೊಳ್ಳಲಿ ಅಂತ ಮೊದಲೇ ಇಷ್ಟವಾದದ್ದನ್ನು ಉಣಿಸಬೇಕು. ಬಿಡಿಸುವುದೋ ಉಣಿಸುವುದೋ ಅನ್ನೋದನ್ನು ತೀರ್ಮಾನಿಸುವುದು ಮುಂದೆ ಆಗಬೇಕಾದ ಕ್ರಿಯೆ. ರೋಗಿಯ ಯೋಗ್ಯತೆಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡರು. ಅತ್ತೆಯ ಮನೆಯಲ್ಲೂ ಮೊದಲು ಎದ್ದ ಭಯ ಅದೇ. ಆದರೆ ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಬೇರೆ, ಜಠರ ಮತ್ತು ಕರುಳಿನ ರಚನೆಯನ್ನೇ ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ. ಎರಡಕ್ಕೂ ನಾವು ಒಂದೇ ಮಾತು ಬಳಸ್ತೀವಿ.

ಎರಡನೆಯ ಬಗೆಯ ಚರಿತ್ರೆ 1950ರ ದಶಕದ್ದು. 1954ರಲ್ಲಿ ಅಮೆರಿಕದ ಮಿನೆಸೋಟಾದ ಕ್ರೆಮೆನ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಪಾಲನ್ನು ಬಳಸುಹಾದಿಯಿಂದ ತಪ್ಪಿಸುವ ವಿಧಾನವನ್ನು ಪ್ರಕಟಿಸಿದರು. ತೂಕ ಇಳಿಯಿತು, ಆದರೆ ಹಲವರ ಯಕೃತ್ತು ಕೆಟ್ಟಿತು. ಆ ವಿಧಾನವನ್ನು ಕ್ರಮೇಣ ಕೈಬಿಟ್ಟರು. 1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಅತ್ತೆಗೆ ಹೇಳಿದ್ದು ಸ್ಲೀವ್ ವಿಧಾನ: ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಅಂಗಿ ತೋಳಿನಂಥ ಕೊಳವೆಯನ್ನು ಮಾತ್ರ ಉಳಿಸುವುದು. ಇದರ ಹುಟ್ಟೇ ನಮ್ಮ ವಿಷಯಕ್ಕೆ ಸಾಕ್ಷಿ. ತೀರ ಹೆಚ್ಚು ತೂಕದವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಅಪಾಯ ಅಂತ, 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮಿಷೆಲ್ ಗಾನ್ಯೆ ಮತ್ತು ಸಂಗಡಿಗರು ಅದನ್ನು ಎರಡು ಹಂತ ಮಾಡಿ, ಮೊದಲು ಸ್ಲೀವ್ ಮಾತ್ರ ಮಾಡಿದರು. ತೂಕ ಇಳಿದ ಮೇಲೆ ಉಳಿದದ್ದು ಅನ್ನೋ ಲೆಕ್ಕ. ಕೆಲವರಿಗೆ ಎರಡನೆಯ ಹಂತ ಬೇಕಾಗಲೇ ಇಲ್ಲ. ಪೂರ್ವಸಿದ್ಧತೆಯಾಗಿ ಬಂದದ್ದೇ ಮುಂದೆ ಸ್ವತಂತ್ರ ಚಿಕಿತ್ಸೆಯಾಯಿತು.

ಹಾಗಾದರೆ ಆ ಎರಡು ವಾರದ ದ್ರವಾಹಾರ ಯಾಕೆ? ಯಕೃತ್ತಿನ ಎಡಭಾಗ ಜಠರದ ಮೇಲೆ ಚಾಚಿಕೊಂಡಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಅದನ್ನು ಎತ್ತಿ ಹಿಡಿಯುವುದು ಕಷ್ಟ, ರಕ್ತಸ್ರಾವದ ಭಯವೂ ಇರುತ್ತದೆ. 2006ರಲ್ಲಿ ಮೆಲ್ಬೋರ್ನಿನ ಸಂಶೋಧಕರು 32 ಜನರಿಗೆ 12 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ಆಗಾಗ ಸ್ಕ್ಯಾನ್ ಮಾಡಿ ನೋಡಿದರು. ಯಕೃತ್ತು ಕುಗ್ಗಿದ ಪ್ರಮಾಣದ ಶೇ. 80ರಷ್ಟು ಮೊದಲ ಎರಡು ವಾರದಲ್ಲೇ ಆಗಿತ್ತು. ಅತ್ತೆಯ ಎರಡು ವಾರ ಬಂದದ್ದು ಇಂಥ ಅಳತೆಗಳಿಂದ. ಪ್ರೋಟೀನ್ ಬೇಕಾಗಿದ್ದು ಸ್ನಾಯು ಕರಗದಿರಲಿ ಅಂತ. ಅವರು ಬಿಟ್ಟದ್ದು ಚಿಕಿತ್ಸೆಯ ಒಂದು ಭಾಗವನ್ನೇ.

ವ್ರತದ ತರ್ಕ ಬರಿ ನಮ್ಮದು ಅಂದುಕೊಳ್ಳಬೇಡಿ. ಅಮೆರಿಕದ ವಿಮಾ ಕಂಪನಿಗಳು ಶಸ್ತ್ರಚಿಕಿತ್ಸೆಗೆ ಮುಂಚೆ ತಿಂಗಳುಗಟ್ಟಲೆ ತೂಕ ಇಳಿಸಿ ತೋರಿಸಿ ಅಂತ ಷರತ್ತು ಹಾಕುತ್ತಿದ್ದವು. ಅಲ್ಲಿನ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘವೇ 2016ರಲ್ಲಿ ಆ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲ, ಅದು ತಾರತಮ್ಯ ಎಂದು ಹೇಳಿತು. ನಮ್ಮಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯ ಪ್ರಕಾರ ಬಿಎಂಐ 40 ಇರಬೇಕು. ಅಥವಾ 35 ಇದ್ದು, ಹತೋಟಿಗೆ ಬಾರದ ಮಧುಮೇಹದಂಥ ತೀವ್ರ ಕಾಯಿಲೆ ಇರಬೇಕು, ಸೌಮ್ಯ ವಿಧಾನಗಳು ವಿಫಲವಾಗಿರಬೇಕು. ನೋಡಿ, ವಿಮೆಯವರ ಎದುರು ಸೋತೆ ಅಂತ ತೋರಿಸಬೇಕು. ಅದೇ ರೋಗಿ ಎರಡು ವಾರದ ಆಹಾರದಲ್ಲಿ ಗೆದ್ದೆ ಅಂತಲೂ ತೋರಿಸಬೇಕು. ಇದರ ನಡುವೆ ಸಿಕ್ಕಿಕೊಂಡವರು ತಪ್ಪನ್ನು ಮುಚ್ಚಿಡುವುದು ಸಹಜ. ಮುಚ್ಚಿಟ್ಟರೆ ಅರಿವಳಿಕೆ ಕೊಡುವವರಿಗೂ ಶಸ್ತ್ರವೈದ್ಯರಿಗೂ ನಿಜಸ್ಥಿತಿ ತಿಳಿಯುವುದಿಲ್ಲ. ಅಪಾಯ ಇರೋದು ಅಲ್ಲಿ.

ಆ ರಾತ್ರಿ ನಾನು ಅತ್ತೆಗೆ ಚರಿತ್ರೆ ಹೇಳಲಿಲ್ಲ. "ಅತ್ತೆ, ಇದು ವ್ರತ ಅಲ್ಲ. ಬಾಣಂತಿಗೆ ಪಥ್ಯ ಮಾಡ್ತೀರಲ್ಲ, ಆ ಥರ. ಬಾಣಂತಿ ಊಟ ಬಿಟ್ಟರೆ ನೀವೇನು ಮೆಚ್ಕೋತೀರಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈತೀನಿ" ಅಂದರು. ಸೋಮವಾರ ತಾವೇ ಆಹಾರತಜ್ಞೆಗೆ ಎಲ್ಲ ಹೇಳಿದರು. ಆಕೆ ಬೈಯಲಿಲ್ಲ. ಮಾತ್ರೆಯ ಪ್ರಮಾಣ ಮತ್ತೆ ಬದಲಾಯಿತು, ದಿನ ಒಂದು ವಾರ ಮುಂದಕ್ಕೆ ಹೋಯಿತು.

ಆಸ್ಪತ್ರೆಯ ಪಟ್ಟಿಯಲ್ಲಿ ತಮಿಳು, ಇಂಗ್ಲಿಷ್ ಎರಡೂ ಇದ್ದವು. ಅತ್ತೆ ಅದನ್ನು ಓದಿದರು ಕೂಡ. ಆದರೆ ಅರ್ಥ ಮಾಡಿಕೊಂಡದ್ದು ಮನೆಯ ಕನ್ನಡದಲ್ಲಿ. ಇಂಥ ಪಟ್ಟಿಗಳನ್ನು ಕನ್ನಡಕ್ಕೆ ತರುವ ಕೆಲಸ ನಮ್ಮಂಥ ವಿದ್ಯಾರ್ಥಿಗಳ ಪಾಲಿಗೆ ಬಂದಾಗ ಡಯಟ್ ಅನ್ನೋ ಜಾಗದಲ್ಲಿ ಉಪವಾಸ, ನಿಯಮ, ಕಟ್ಟುಪಾಡು ಅಂತ ಬರೆಯದೆ ಪಥ್ಯ ಅಂತ ಬರೆಯೋಣ. ಅದರ ಕೆಳಗೆ, ತಪ್ಪಿದರೆ ಕೂಡಲೆ ತಿಳಿಸಿ ಎಂಬ ಒಂದು ಸಾಲನ್ನೂ ಸೇರಿಸೋಣ. ಇಷ್ಟು ನನ್ನ ವಿನಂತಿ.